ಒಳಮುಖದ ಬೆಳ್ಳಿಗೆರೆ

"ಕೂರಲ್ಲ," ಅಂದ ಹಿಲ್ಮೋ, ಮೂರನೆಯ ಒರೆಯನ್ನೂ ಮೇಜಿನ ಆ ಕಡೆಗೆ ತಳ್ಳಿ. "ಮೂರರಲ್ಲಿ ಒಂದೂ ಕೂರಲ್ಲ. ಈ ಚಾಕು ಅನಾಥ, ಬರ್ಕೊಳ್ಳಿ."

"ಇನ್ನೊಂದ್ಸಲ ನೋಡಿ ಉಸ್ತಾದ್."

"ಇನ್ನೂರು ಸಲ ನೋಡಿದ್ರೂ ಅಷ್ಟೇ ಮಗಳೇ. ಚಾಕು ಒರೆ ಅಂದ್ರೆ ಗಂಡ ಹೆಂಡ್ತಿ ಇದ್ದ ಹಾಗೆ. ಪೊಲೀಸರು ತಳ್ಳಿ ಸೇರಿಸಿದ್ರೆ ಸಂಸಾರ ಆಗತ್ತಾ?"

ಇನ್ಸ್‌ಪೆಕ್ಟರ್ ಜುಮ್ರಾ ನಗಲಿಲ್ಲ. ಕೊವಾಚಿ ಬೀದಿಯ ಏರಿನ ಈ ಕಮ್ಮಾರಸಾಲೆಗೆ ಅವಳು ನಗಲು ಬಂದಿರಲಿಲ್ಲ. ಠಾಣೆಯಲ್ಲಿ ಅವ್ದಿಯಾ ಎಂಬ ಹಳೇ ಸಾಮಾನಿನ ವ್ಯಾಪಾರಿ ಕೂತಿದ್ದ. ಇವತ್ತು ಊಟದ ಹೊತ್ತಿಗೆ ಅವನನ್ನು ವ್ಯಾನಿಗೆ ಹತ್ತಿಸಿ ಜೈಲಿಗೆ ಕಳಿಸುವುದು ಅಂತ ಮೇಲಧಿಕಾರಿ ಫಹ್ರೋ ತೀರ್ಮಾನ ಮಾಡಿಯಾಗಿತ್ತು. ಕೊಲೆ ಆರೋಪ.

ಸತ್ತವನು ಭೂಗೋಳದ ನಿವೃತ್ತ ಮೇಷ್ಟ್ರು ರೆಶಾದ್. ಹೋದ ಗುರುವಾರ ಯಾರೋ ಎದೆಗೆ ಕೈಯಿಟ್ಟು ತಳ್ಳಿದ್ದರು, ಕಬ್ಬಿಣದ ಒಲೆಯ ಮೂಲೆ ತಲೆಗೆ ಬಡಿದಿತ್ತು. ಬಿದ್ದ ಮೇಲೂ ಬಹಳ ಹೊತ್ತು ಜೀವವಿತ್ತು, ಯಾರಾದರೂ ಒಂದು ಕೂಗು ಹಾಕಿದ್ದರೆ ಉಳಿಯುತ್ತಿದ್ದ ಅಂತ ವೈದ್ಯರು ಬರೆದುಕೊಟ್ಟಿದ್ದರು. ಆ ವಾಕ್ಯ ಓದಿದಾಗಿನಿಂದ ಜುಮ್ರಾಳಿಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ.

ಅವ್ದಿಯಾ ಸಾಚಾ ಅಲ್ಲ. ಯಾರದ್ದೋ ಚಾಕುವಿಗೆ ಯಾರದ್ದೋ ಒರೆ ತೊಡಿಸಿ, ಇದು ನಿಮ್ಮ ಅಜ್ಜನ ಕಾಲದ ಜೋಡಿ ಅಂತ ಊರಿಗೆಲ್ಲ ಟೋಪಿ ಹಾಕಿದವನು. ಇಂಥದ್ದೇ ಒಂದು ಸುಳ್ಳು ಜೋಡಿಯ ವಿಷಯಕ್ಕೆ ಅವನಿಗೂ ರೆಶಾದನಿಗೂ ಬಾಷ್‌ಚಾರ್ಷಿಯಾ ಪೇಟೆಯ ನಟ್ಟನಡು ಚೌಕದಲ್ಲಿ ಜಗಳವಾಗಿತ್ತು. ಒಂದೇ ಒರೆಯಲ್ಲಿ ಎರಡು ಕತ್ತಿ ಇರುವುದಿಲ್ಲ ಅಂತ ನೋಡಿದವರೆಲ್ಲ ಅವತ್ತೇ ಅಂದಿದ್ದರು. ಫಹ್ರೋಗೆ ಅಷ್ಟೇ ಸಾಕಾಗಿತ್ತು.

ಜುಮ್ರಾಳಿಗೆ ಸಾಲದಾಗಿತ್ತು. ಅದಕ್ಕೆ ಕಾರಣ ಮೇಜಿನ ಮೇಲಿದ್ದ ಈ ಚಾಕು.

"ಉಸ್ತಾದ್, ರೆಶಾದ್ ಮೇಷ್ಟ್ರು ಚಾಕುಗಳನ್ನ ಹೇಗೆ ಇಡ್ತಿದ್ರು?"

"ಹೇಗೆ ಅಂದ್ರೆ? ಚಾಕು ಒಂದು ಕಪಾಟಲ್ಲಿ, ಒರೆ ಎದುರು ಕಪಾಟಲ್ಲಿ. ಒರೆಯೊಳಗೆ ವರ್ಷಗಟ್ಲೆ ಬಿಟ್ರೆ ಚರ್ಮದ ಹುಳಿಗೆ ಅಲಗು ತುಕ್ಕು ಹಿಡಿಯತ್ತೆ. ಗುರುವಾರ ಗುರುವಾರ ನಾವಿಬ್ರೂ ಕೂತು ಒಂದೊಂದನ್ನೇ ಜೋಡಿಸಿ ನೋಡೋದು, ಹೋಲಿಸೋದು, ಮತ್ತೆ ಬೇರೆ ಬೇರೆ ಇಡೋದು. ಹೆಂಗಸರು ಹೆಣ್ಣು ನೋಡ್ತಾರಲ್ಲ, ಹಾಗೆ."

"ಅವರು ಸತ್ತ ದಿನ ಎಲ್ಲ ಚಾಕುಗಳೂ ಬರಿದಾಗೇ ಇದ್ವು. ಇದೊಂದನ್ನ ಬಿಟ್ಟು."

ಹಿಲ್ಮೋನ ಕೈ ಅರದ ಮೇಲೆ ನಿಂತಿತು.

"ಇದು ಮೇಜಿನ ಮೇಲೆ ಒರೆಯೊಳಗೆ ಕೂತಿತ್ತು. ಹಿಡಿ ಅಲಗು ಎರಡನ್ನೂ ಬಟ್ಟೇಲಿ ಚೆನ್ನಾಗಿ ಒರೆಸಿದ್ರು, ಬೆರಳಚ್ಚು ಏನೂ ಸಿಗ್ಲಿಲ್ಲ. ನಾನು ಕೈಯಾರೆ ಹೊರಗೆಳೆದಿದ್ದೀನಿ. ಇದೇ ಒರೆ." ಅವಳು ನಡುವಿನ ಕಪ್ಪು ಒರೆಯನ್ನು ಮುಟ್ಟಿದಳು. ಮರದ ಒಡಲು, ಮೇಲೆ ಚರ್ಮ, ತುದಿಗೆ ಹಿತ್ತಾಳೆಯ ಟೊಪ್ಪಿಗೆ. ಉಳಿದೆರಡೂ ನೋಡಲು ಅದೇ ಥರ, ರೆಶಾದನ ಕಪಾಟಿನಲ್ಲಿ ಅದರ ಅಕ್ಕಪಕ್ಕ ಇದ್ದವು.

"ಸುಳ್ಳು," ಅಂದ ಹಿಲ್ಮೋ. "ನಿಮ್ಮ ಮುಂದೇನೇ ಹಾಕಿ ತೋರಿಸಿದ್ನಲ್ಲ. ಅರ್ಧಕ್ಕೇ ಸಿಕ್ಕೊಳ್ತು."

"ಬೆಳ್ಳಿಗೆರೆ ಹೊರಮುಖ ಮಾಡಿ ಹಾಕಿದ್ರಿ."

"ಮತ್ತಿನ್ನೇನು, ಬೆಳ್ಳಿ ಒಳಗಡೆ ಮಾಡ್ಕೊಂಡು ಯಾರಾದ್ರೂ ಚಾಕು ಕಟ್ತಾರಾ? ಬೆಳ್ಳಿ ಇರೋದೇ ಊರು ನೋಡ್ಲಿ ಅಂತ."

ಜುಮ್ರಾ ಚಾಕುವನ್ನು ಎತ್ತಿ, ಅಲಗಿನ ಮೇಲಿನ ಬೆಳ್ಳಿಗೆರೆ ತನ್ನ ಮೈಕಡೆ ಬರುವಂತೆ ತಿರುಗಿಸಿ, ಕಪ್ಪು ಒರೆಗೆ ಇಳಿಬಿಟ್ಟಳು. ಅದು ಒಂದೇ ಉಸಿರಿಗೆ ಒಳಗೆ ಹೋಗಿ, ಎಮ್ಮೆಕೊಂಬಿನ ಹಿಡಿಯ ಕಾಲುಭಾಗವನ್ನೂ ನುಂಗಿ, ಸಣ್ಣಗೆ ಟಕ್ ಅಂದಿತು. ಅವಳು ತಲೆಕೆಳಗೆ ಮಾಡಿ ಅಲ್ಲಾಡಿಸಿದಳು. ಚಾಕು ಬೀಳಲಿಲ್ಲ, ಅಲುಗಲೂ ಇಲ್ಲ.

ಮುದುಕ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡ.

"ವಲ್ಲಾಹಿ! ಅಷ್ಟು ವರ್ಷ ಎದುರುಬದುರು ಕಪಾಟಲ್ಲೇ ಇದ್ವಲ್ಲ ಇವೆರಡೂ. ಪಾಪ ರೆಶಾದ್. ಇದರ ಒರೆ ಹುಡುಕ್ಕೊಂಡು ಮೋಸ್ತಾರ್‌ವರೆಗೂ ಹೋಗಿಬಂದ."

"ಹೀಗೆ ಯಾಕೆ ಮಾಡ್ತಾರೆ?"

"ಯಾರೂ ಬೇಕು ಅಂತ ಮಾಡಲ್ಲ. ಚಾಕು ಬಡಿಯೋನು ನನ್ನ ಥರದವನು. ಕಟ್ಟಿಕೊಳ್ಳೋನ ಮುಖಾನೇ ನೋಡಲ್ಲ, ಎಲ್ಲಾರ್ಗೂ ಒಂದೇ ಕಡೆ ಬೆಳ್ಳಿ ಕೂರಿಸ್ತಾನೆ. ಒರೆ ಮಾಡೋನು ಹಾಗಲ್ಲ, ಗಿರಾಕೀನ ಎದುರಿಗೆ ನಿಲ್ಲಿಸಿ, ನಡುಪಟ್ಟಿ ಕಟ್ಟಿಸಿ, ಕೈ ಹೇಗೆ ಬರತ್ತೆ ನೋಡಿ ಮರ ಕೊರೀತಾನೆ. ಬಲಗೈಯವನು ಎಡಕ್ಕೆ ಕಟ್ತಾನೆ. ಇದು..." ಅವನು ಒರೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. "ನೋಡಿ, ಚರ್ಮ ಸವೆದಿರೋದು ಈ ಮಗ್ಗುಲು. ಬಲಕ್ಕೆ ಕಟ್ಟಿದ್ದು. ಎಡಚ ಇವನು. ಎಡಚನಿಗೆ ಕೊರೆದ ಒರೆ, ಬಲಗೈಯವರಿಗೆ ಬಡಿದ ಚಾಕು. ಅದಕ್ಕೇ ಬೆಳ್ಳಿ ಹೊಟ್ಟೆ ಕಡೆ ಹೋಯ್ತು. ಊರವರಿಗೆ ಕಾಣಿಸ್ಲಿಲ್ಲ, ಪುಣ್ಯಾತ್ಮ ತಲೇನೂ ಕೆಡಿಸ್ಕೊಳ್ಳಲಿಲ್ಲ."

ಜುಮ್ರಾ ಚಾಕುವನ್ನು ಹೊರಗೆಳೆದಳು. ಕೊಂಬಿನ ಹಿಡಿಯ ಮೇಲೆ ಹೆಬ್ಬೆಟ್ಟಿನಷ್ಟಗಲ ತಗ್ಗು ಬಿದ್ದಿತ್ತು. ಅವಳ ಎಡಗೈ ಹೆಬ್ಬೆಟ್ಟು ಅಲ್ಲಿ ಹೋಗಿ ಕೂತಿತು.

"ನೀವೂ ಎಡಗೈಯವರೇ ಅಲ್ವಾ?" ಅಂದ ಹಿಲ್ಮೋ.

"ಹೌದು. ಸ್ಕೂಲಲ್ಲಿ ಎಷ್ಟು ಹೊಡೆದ್ರೂ ಹೋಗ್ಲಿಲ್ಲ," ಅಂದು ಅವಳು ಚಾಕು ಕೆಳಗಿಟ್ಟಳು.

ಹಾಗಾದರೆ ವಿಷಯ ಇಷ್ಟು. ಗುರುವಾರ ಆ ಮನೆಗೆ ಬಂದವರು ಬತ್ತಲೆ ಚಾಕುವನ್ನು ಒರೆಗೆ ಹಾಕಿ ಹೋಗಿದ್ದಾರೆ. ಎರಡು ಕಪಾಟುಗಳಲ್ಲಿ ಸಾಲುಸಾಲು ಇದ್ದುದರಲ್ಲಿ ಸರಿಯಾದ ಒರೆಯನ್ನೇ ಆರಿಸಿದ್ದಾರೆ, ಸರಿಯಾಗಿ ತಿರುಗಿಸಿ ಹಾಕಿದ್ದಾರೆ. ಅಷ್ಟು ಓದಿದ ರೆಶಾದನಿಗೂ, ಹುಟ್ಟಾ ಕಮ್ಮಾರ ಹಿಲ್ಮೋನಿಗೂ ಹೊಳೆಯದ್ದು ಅವರ ಕೈಗೆ ಗೊತ್ತಿತ್ತು. ಅವ್ದಿಯಾನಿಗಂತೂ ಸಾಧ್ಯವೇ ಇಲ್ಲ. ಸಿಕ್ಕಿದ್ದಕ್ಕೆ ಸಿಕ್ಕಿದ್ದನ್ನು ತುರುಕುವವನು ಅವನು.

"ಇದು ರೆಶಾದರಿಗೆ ಎಲ್ಲಿಂದ ಬಂತು ಉಸ್ತಾದ್?"

"ಒರೆ ಅವ್ದಿಯಾ ಕೊಟ್ಟಿದ್ದು. ಒಂದು ಪೆಟ್ಟಿಗೆ ತುಂಬ ಹರಕುಮುರುಕು ಮಾರಿದ್ದ, ಅದರಲ್ಲಿತ್ತು."

"ಚಾಕು?"

"ಅದು ನಂಗೊತ್ತಿಲ್ಲ. ಆವತ್ತೇ ನಿಮ್ಮ ಹುಡುಗರಿಗೆ ಹೇಳಿದ್ದೀನಿ."

"ಹೇಳಿದ್ರಿ." ಜುಮ್ರಾ ಹಿಡಿಯನ್ನು ಅವನ ಮೂಗಿನ ಹತ್ತಿರ ತಂದಳು. "ಇಲ್ಲಿ ಮೂರು ಮೊಳೆ ಇದೆ. ಎರಡು ಹಿತ್ತಾಳೆ, ಒಂದು ತಾಮ್ರ. ತಾಮ್ರದ್ದು ಆಮೇಲೆ ಹಾಕಿದ್ದು. ಈ ಬೀದೀಲಿ ಎಲ್ರೂ ಹಿತ್ತಾಳೆ ಮೊಳೆ ಹೊಡೀತಾರೆ. ತಾಮ್ರ ಹೊಡೆಯೋದು ನೀವೊಬ್ರೇ, ನಿಮ್ಮಪ್ಪ ಹೊಡೀತಿದ್ರು ಅಂತ. ನಿಮ್ಮ ಮೊಣಕೈ ಹತ್ರ ಡಬ್ಬಿ ತೆರೆದೇ ಇದೆ."

ಹಿಲ್ಮೋ ಡಬ್ಬಿಯ ಮುಚ್ಚಳ ಹಾಕಿದ. ಹಾಕಿದ ಮೇಲೆ ಅದರಿಂದ ಏನೂ ಪ್ರಯೋಜನವಿಲ್ಲ ಅಂತ ಅವನಿಗೇ ಅನ್ನಿಸಿರಬೇಕು, ಮತ್ತೆ ತೆಗೆದ.

"ಅವ್ದಿಯಾ ಒಳಗೆ ಕೂತು ಏನಂತ ಅಳ್ತಿದಾನೆ ಗೊತ್ತಾ? ಅವನ ಪಾರಿವಾಳಕ್ಕೆ ಕಾಳು ಹಾಕೋರಿಲ್ಲವಂತೆ. ಅವನು ಮೋಸಗಾರ, ಒಪ್ಪಿದೆ. ಆದ್ರೆ ಕೊಲೆಗಾರ ಅಲ್ಲ. ಅದು ನಿಮಗೂ ಗೊತ್ತು. ಸುಮ್ನೆ ಕೂತು ಅವನನ್ನ ವ್ಯಾನ್ ಹತ್ತಿಸ್ತಿದೀರ."

"ನಾನೇನು ಮಾಡ್ದೆ?"

"ಅದನ್ನೇ ಕೇಳ್ತಿದೀನಿ. ಏನು ಮಾಡಿದ್ರಿ?"

ಕುಲುಮೆಯಲ್ಲಿ ಇದ್ದಿಲು ಕುಸಿಯಿತು. ಮುದುಕ ಎದ್ದು ಹೋಗಿ ಬಾಗಿಲು ಅರ್ಧ ಮುಚ್ಚಿ ಬಂದ.

"ನಾನೇ ತಂದುಕೊಟ್ಟಿದ್ದು," ಅಂದ. "ಯುದ್ಧ ಮುಗಿದ ಮೇಲೆ. ದ್ರೀನಾ ಹೊಳೆ ಕಡೆಯವನೊಬ್ಬ ಚೀಲ ಹೊತ್ಕೊಂಡು ಬರ್ತಿದ್ದ. ಫೋಚಾ ಊರಿನ ಚಾಕು, ಕಾಫಿ ಪಾತ್ರೆ, ಗಡಿಯಾರ, ಬಾಗಿಲ ಚಿಲಕ ಕೂಡ. ಎಲ್ಲಿಂದ ಅಂತ ಕೇಳಿದ್ರೆ ಹೇಳ್ತಿದ್ನೋ ಏನೋ. ನಾನು ಕೇಳ್ಲಿಲ್ಲ. ಕೆಲವಕ್ಕೆ ಹೊಗೆ ವಾಸನೆ ಇನ್ನೂ ಇತ್ತು ಮಗಳೇ. ನಾನು ಉಜ್ಜಿ ತೊಳೆದೆ, ಮೊಳೆ ಹೊಡೆದೆ, ರೆಶಾದನಿಗೆ ಕೊಟ್ಟೆ. ಅವನೂ ಕೇಳ್ಲಿಲ್ಲ. ಇಬ್ರೂ ಮರ್ಯಾದಸ್ತರು ನೋಡಿ."

"ಮುಂದೆ?"

"ಹೋದ ತಿಂಗಳು ರೆಶಾದ್ ಸಭಾಭವನದಲ್ಲಿ ಚಾಕು ಪ್ರದರ್ಶನ ಇಟ್ಟನಲ್ಲ, ಆಮೇಲೆ ಯಾರೋ ಅವನ ಮನೆಗೆ ಬಂದಿದ್ರಂತೆ. ಇದು ನಮ್ಮಪ್ಪನ ಚಾಕು ಅಂದ್ರಂತೆ. ಗುರುತೇನು ಅಂದ್ರೆ, ಇದರ ಒರೆ ನಿಮ್ಮ ಎದುರು ಕಪಾಟಲ್ಲೇ ಇದೆ ಅಂತ ಬೆರಳು ತೋರಿಸಿದ್ರಂತೆ. ರೆಶಾದ್ ನಕ್ಕುಬಿಟ್ಟ. ಅವನು ಎಲ್ಲಾ ಹಾಕಿ ನೋಡಿದೋನಲ್ವಾ! ಗುರುವಾರ ಬನ್ನಿ, ಹಿಲ್ಮೋ ಇರ್ತಾನೆ, ಅವನ ಮುಂದೆ ಕೂರಿಸಿ ತೋರಿಸಿ, ಕೂತ್ರೆ ಚಾಕು ನಿಮ್ದು ಅಂದನಂತೆ."

"ನೀವು ಗುರುವಾರ ಹೋಗ್ಲಿಲ್ಲ."

"ಯಾವ ಮುಖ ಇಟ್ಕೊಂಡು ಹೋಗ್ಲಿ? ಅವರು ನನ್ನ ನೋಡಿ, ಇದು ನಿನಗೆ ಎಲ್ಲಿ ಸಿಕ್ತು ಅಂತ ಕೇಳಿದ್ರೆ? ಸೊಂಟ ನೋವು ಅಂತ ಹೇಳಿಕಳಿಸಿ ಮನೇಲಿ ಮಲಗಿದೆ." ಅವನು ಅರವನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ. "ನಾನು ಹೋಗಿದ್ರೆ ಅವನು ಸಾಯ್ತಿರ್ಲಿಲ್ಲ. ಅಷ್ಟು ಹೊತ್ತು ಒಬ್ನೇ ಬಿದ್ದಿದ್ನಂತಲ್ಲ. ನೀವು ಅದನ್ನ ಹೇಳ್ಬೇಕಾಗಿಲ್ಲ, ನಂಗೆ ಗೊತ್ತು."

"ಬಂದೋರು ಯಾರು?"

"ಹೆಸರು ರೆಶಾದ್ ಹೇಳ್ಲಿಲ್ಲ. ನಾನು ಕೇಳ್ಲೂ ಇಲ್ಲ. ಕೇಳ್ದೇ ಇರೋದೇ ನನ್ನ ಕಸುಬಾಗಿಹೋಗಿದೆ."

ಜುಮ್ರಾಳಿಗೆ ಮುದುಕನ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಎರಡನ್ನೂ ತೋರಿಸದೆ, ಚಾಕುವನ್ನು ಒಂದು ಬಟ್ಟೆಯಲ್ಲೂ ಒರೆಗಳನ್ನು ಇನ್ನೊಂದರಲ್ಲೂ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಸಂಜೆ ಠಾಣೆಗೆ ಬಂದು ಇದನ್ನೆಲ್ಲ ಬರೆದುಕೊಡಿ. ಸೊಂಟ ನೋವು ಅನ್ಬೇಡಿ."

"ಬರ್ತೀನಿ," ಅಂದ ಹಿಲ್ಮೋ. "ಆ ಮನೆಯವರು ಸಿಕ್ಕಿದ್ರೆ ಹೇಳಿ ಮಗಳೇ, ನಾನು ಅದನ್ನ ಚೆನ್ನಾಗಿ ಉಜ್ಜಿಟ್ಟಿದ್ದೆ ಅಂತ." ಹೇಳಿದ ಮೇಲೆ ಅವನೇ ತಲೆ ಆಡಿಸಿದ. "ಬೇಡ, ಹೇಳ್ಬೇಡಿ."

ಹೊರಗೆ ಬಂದು ಅವಳು ಫಹ್ರೋಗೆ ಫೋನ್ ಮಾಡಿದಳು.

"ಸರ್, ಅವ್ದಿಯಾ ಅಲ್ಲ. ಚಾಕುವಿನ ವಾರಸುದಾರರು ಬಂದಿದ್ರು. ಫೋಚಾ ಕಡೆಯವರು, ಅಪ್ಪ ಎಡಗೈಯವನು."

"ಹೆಸರು?"

"ಇನ್ನೂ ಇಲ್ಲ."

"ಫೋಚಾದವರು ಈ ಊರಲ್ಲಿ ಬೀದಿಗೊಬ್ಬರಿದ್ದಾರೆ ಜುಮ್ರಾ. ಎಡಗೈಯವರು ಮನೆಗೊಬ್ಬರಿದ್ದಾರೆ, ನೀನೂ ಸೇರಿ. ಹೆಸರು ತಾ. ವ್ಯಾನ್ ಊಟ ಆದ ಕೂಡ್ಲೇ ಹೊರಡತ್ತೆ." ಫೋನ್ ಕಟ್ಟಾಯಿತು.

ಪ್ರದರ್ಶನಕ್ಕೆ ಅರ್ಧ ಊರೇ ಬಂದಿತ್ತು. ಪುಕ್ಕಟೆ ಕಾಫಿ ಅಂದರೆ ಬಾರದೆ ಇರುತ್ತದೆಯೇ. ಜುಮ್ರಾಳ ಅಮ್ಮ ಶೆಮ್ಸಾ ಕೂಡ ಪಕ್ಕದ ಮನೆಯವರ ಜೊತೆ ಹೋಗಿ, ಮಂಡಿ ನೋವು ಅಂತ ಕಾಫಿಗೂ ಕಾಯದೆ ವಾಪಸ್ ಬಂದಿದ್ದಳು. ಬಂದವರ ಹೆಸರನ್ನು ಯಾರು ಬರೆದಿಟ್ಟುಕೊಂಡಿರುತ್ತಾರೆ?

ಫೋನ್ ಮತ್ತೆ ಬಡಿದುಕೊಂಡಿತು. ಅಮ್ಮ.

"ಪೀತಾ ಒಲೆಯಿಂದ ತೆಗ್ದಿದೀನಿ. ಬರ್ತೀಯೋ, ಕಳ್ಳರಿಗೆ ಹಂಚ್ಲೋ?"

"ಕೆಲಸ ಇದೆ ಅಮ್ಮ."

"ನಿನ್ನ ಕೆಲಸ ಯಾವತ್ತು ಮುಗಿದಿತ್ತು? ವಾರದಿಂದ ಸರಿಯಾಗಿ ತಿಂದಿಲ್ಲ. ಇರೋದು ಮೇಲಿನ ಬೀದಿ, ಬಾ."

ಹೊಟ್ಟೆ ನಿಜಕ್ಕೂ ಹಸಿದಿತ್ತು. ವ್ರಾತ್ನಿಕ್ ಬಡಾವಣೆಯಲ್ಲಿದ್ದ ಅಮ್ಮನ ಮನೆ ಠಾಣೆಗೆ ಹೋಗುವ ದಾರಿಗಿಂತ ಸ್ವಲ್ಪವೇ ಮೇಲೆ. ಅವಳು ಏರು ಹತ್ತಿದಳು.

ಅಡುಗೆಮನೆಯಲ್ಲಿ ಸೊಪ್ಪು ತುಂಬಿ ಬೇಯಿಸಿದ ಪೀತಾ ರೊಟ್ಟಿಯ ವಾಸನೆ ತುಂಬಿತ್ತು. ಅಮ್ಮ ಒಲೆಯ ಕಡೆ ಮುಖ ಮಾಡಿ ಹಿತ್ತಾಳೆಯ ಗಿರಣಿಯಲ್ಲಿ ಕಾಫಿ ಬೀಜ ಅರೆಯುತ್ತಿದ್ದಳು. ಯುದ್ಧದಲ್ಲಿ ಸುಟ್ಟುಹೋದ ಫೋಚಾದ ಮನೆಯಿಂದ ಅಮ್ಮ ಹೊತ್ತು ತಂದದ್ದು ಇದೊಂದೇ, ಮತ್ತೆ ಆರು ವರ್ಷದ ಜುಮ್ರಾಳನ್ನು. ಆ ಮನೆಯ ವಿಷಯ ಅಮ್ಮ ಯಾವತ್ತೂ ಎತ್ತಿದವಳಲ್ಲ. ಕೇಳಿದರೆ, ಹೋದದ್ದು ಹೋಯಿತು, ತಟ್ಟೆ ತೊಳಿ ಅನ್ನುತ್ತಿದ್ದಳು.

"ಕೈ ತೊಳ್ಕೊಂಡು ಕೂತ್ಕೋ. ಮೊಸರು ಹಾಕ್ಲಾ?"

"ಎರಡು ನಿಮಿಷ ಅಮ್ಮ. ಒಂದು ನೋಡ್ಬೇಕಿತ್ತು."

ಕಿಟಕಿಯ ಹತ್ತಿರದ ಮೇಜಿನ ಮೇಲೆ ಅವಳು ಎರಡೂ ಬಟ್ಟೆ ಬಿಚ್ಚಿದಳು. ಮೂರು ಒರೆಗಳನ್ನು ಸಾಲಾಗಿಟ್ಟು, ಚಾಕುವನ್ನು ಅಡ್ಡಡ್ಡ ಇಟ್ಟಳು. ಹಿಲ್ಮೋ ತೋರಿಸಿದ ಸವೆತವನ್ನು ಹಗಲ ಬೆಳಕಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಫಹ್ರೋಗೆ ತೋರಿಸಬಹುದು. ಒಂದು ತೆಗೆದಳು, ಇನ್ನೊಂದು ತೆಗೆದಳು. ಆಮೇಲೆ ನಲ್ಲಿಯಲ್ಲಿ ಕೈ ತೊಳೆಯಲು ಎದ್ದಳು.

"ಏನೇ ಇದು?" ಹಿಂದಿನಿಂದ ಅಮ್ಮನ ದನಿ. ಒಂದು ಕೈಯಲ್ಲಿ ಪೀತಾದ ತಟ್ಟೆ, ಭುಜದ ಮೇಲೆ ಒರೆಸುವ ಬಟ್ಟೆ. "ಅನ್ನ ತಿನ್ನೋ ಜಾಗದಲ್ಲಿ ಬತ್ತಲೆ ಚಾಕು ಇಡ್ತಾರಾ? ಮನೇಲಿ ಜಗಳ ಆಗ್ಲಿ ಅಂತಾನಾ? ಎಷ್ಟು ಸಲ ಹೇಳಿದ್ರೂ ನಿಂಗೆ ಬುದ್ಧಿ ಬರಲ್ಲ."

"ಮುಟ್ಬೇಡ ಅಮ್ಮ, ಅದು..."

ಅಮ್ಮ ಮುಟ್ಟಿಯಾಗಿತ್ತು. ತಟ್ಟೆ ಇಟ್ಟು, ಭುಜದ ಬಟ್ಟೆಯಿಂದ ಮೊದಲು ಅಲಗು ಒರೆಸಿದಳು, ಆಮೇಲೆ ಹಿಡಿ. ಅವಳ ಕಣ್ಣು ಒಲೆಯ ಮೇಲೆ ಉಕ್ಕಲು ನೋಡುತ್ತಿದ್ದ ಕಾಫಿಯ ಮೇಲಿತ್ತು. ಎಡಗೈ ತಾನಾಗಿ ಹೋಗಿ ನಡುವಿನ ಕಪ್ಪು ಒರೆಯನ್ನು ಎತ್ತಿಕೊಂಡಿತು. ಬಲಗೈ ಚಾಕುವನ್ನು ತಿರುಗಿಸಿತು. ಬೆಳ್ಳಿಗೆರೆ ಒಳಮುಖವಾಯಿತು.

ಟಕ್.

"ಹಾಂ, ಈಗ ಕೂತ್ಕೋ," ಅಂದಳು ಅಮ್ಮ, ಕಾಫಿ ಇಳಿಸಲು ತಿರುಗುತ್ತಾ.

ನಲ್ಲಿಯ ನೀರು ಹರಿಯುತ್ತಲೇ ಇತ್ತು. ಜುಮ್ರಾ ಅದನ್ನು ನಿಲ್ಲಿಸಿದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಬೇಕು ಅಂತ ಅವಳಿಗೆ ತೋಚಲಿಲ್ಲ.

"ಅಮ್ಮ, ಮೂರು ಒರೆ ಇತ್ತು."

"ಏನು?"

"ಮೂರಿತ್ತು. ನೀನು ನೋಡ್ಲೂ ಇಲ್ಲ. ಅದನ್ನೇ ತಗೊಂಡೆ."

ಅಮ್ಮ ಮೇಜಿನ ಕಡೆ ನೋಡಿದಳು. ಉಳಿದೆರಡು ಒರೆ ನೋಡಿದಳು, ತಾನು ಇಟ್ಟ ಚಾಕು ನೋಡಿದಳು, ಕೊನೆಗೆ ತನ್ನ ಕೈ ನೋಡಿಕೊಂಡಳು. ಕಾಫಿಯ ಪಾತ್ರೆಯನ್ನು ನಿಧಾನವಾಗಿ ಒಲೆಯಿಂದ ಪಕ್ಕಕ್ಕೆ ಸರಿಸಿ, ಕುರ್ಚಿ ಎಳೆದು ಕೂತಳು.

"ನಿಮ್ಮಜ್ಜ ಗದ್ದೆಯಿಂದ ಬಂದು ಮೇಜಿನ ಮೇಲೆ ಎಸೀತಿದ್ದ," ಅಂದಳು. "ಒರೆಸಿ ಒರೆಗೆ ಹಾಕೋದು ನನ್ನ ಕೆಲಸ. ಚಿಕ್ಕಂದಿನಿಂದ."

ಫೋನ್ ಬಡಿದುಕೊಂಡಿತು. ಫಹ್ರೋ. ಜುಮ್ರಾ ಒದ್ದೆ ಕೈಯಲ್ಲೇ ಎತ್ತಿಕೊಂಡಳು.

"ವ್ಯಾನ್ ಬಾಗಿಲಿಗೆ ಬಂದಿದೆ. ನಿಲ್ಲಿಸ್ಲೋ ಕಳಿಸ್ಲೋ?" ಅವನ ಹಿಂದೆ ಎಲ್ಲೋ ಅವ್ದಿಯಾನ ದನಿ, ಪಾರಿವಾಳ, ಪಾರಿವಾಳ ಅಂತ.

"ನಿಲ್ಲಿಸಿ ಸರ್. ಒಂದು ನಿಮಿಷ." ಅವಳು ಫೋನನ್ನು ಎದೆಗೆ ಒತ್ತಿಕೊಂಡಳು. "ನೀನು ತಳ್ಳಿದ್ಯಾ ಅಮ್ಮ?"

"ಇಲ್ಲ. ಸುಳ್ಳು ಯಾಕೆ ಹೇಳ್ಲಿ. ಗುರುವಾರ ಬನ್ನಿ ಅಂದಿದ್ರು, ಹೋದೆ. ಬಾಗಿಲು ತೆಗೆದೇ ಇತ್ತು. ಅವರು ಆಗ್ಲೇ ಕೆಳಗೆ ಬಿದ್ದಿದ್ರು. ಚಾಕು ಮೇಜಿನ ಮೇಲೆ ಬತ್ತಲೆ ಇತ್ತು. ಹಾಗೇ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

"ತಗೊಂಡ್ ಬರ್ಲಿಲ್ವಾ?"

"ಕೇಳ್ದೇ ತಗೊಂಡ್ರೆ ಕಳ್ಳತನ ಅಲ್ವಾ? ನಮ್ಮ ಮನೇಲಿ ಯಾರೂ ಕದ್ದಿಲ್ಲ."

ಜುಮ್ರಾಳ ಎದೆಯಿಂದ ಒಂದು ಭಾರ ಇಳಿದಂತಾಯಿತು. ತಳ್ಳಿದ್ದು ಬೇರೆಯವರು, ಅವ್ದಿಯಾನೇ ಇರಲಿ, ಇನ್ಯಾರೇ ಇರಲಿ. ಅಮ್ಮ ಹೋದಾಗ ಎಲ್ಲ ಮುಗಿದಿತ್ತು. ಹೆದರಿ ಬಂದುಬಿಟ್ಟಿದ್ದಾಳೆ, ಮುದುಕಿ, ಅಷ್ಟೇ. ಇದನ್ನು ಹೇಳಬಹುದು, ಇದಕ್ಕೆ ದಾರಿಯಿದೆ.

"ನೀನು ಹೋಗೋ ಹೊತ್ತಿಗೆ ಅವರು ತೀರ್ಕೊಂಡಿದ್ರು, ಅಲ್ವಾ?"

ಅಮ್ಮ ಪೀತಾದ ತಟ್ಟೆಯನ್ನು ಮಗಳ ಕಡೆ ಸರಿಸಿದಳು.

"ಇಲ್ಲ," ಅಂದಳು. "ನೀರು ಕೇಳಿದ್ರು. ನಮ್ಮಪ್ಪನೂ ಆ ಬೆಂಕಿಯಲ್ಲಿ ಕೇಳಿರ್ಬೇಕು ಅನ್ನಿಸ್ತು. ಚಾಕು ಒರೆಗೆ ಹಾಕಿದೆ, ಬಾಗಿಲು ಎಳ್ಕೊಂಡು ಬಂದೆ."

ಎದೆಗೊತ್ತಿಕೊಂಡಿದ್ದ ಫೋನಿನೊಳಗಿಂದ ಫಹ್ರೋನ ದನಿ ಸಣ್ಣದಾಗಿ ಬರುತ್ತಲೇ ಇತ್ತು.

"ಜುಮ್ರಾ? ಕೇಳಿಸ್ತಿದೆಯಾ? ಯಾರು ಸಿಕ್ರು? ಹೆಸರು ಹೇಳು."